ಸುಟ್ಟ ಬದುವಿನ ಮೊದಲ ಹೂವು

ಬೇಸಿಗೆಯಲ್ಲಿ ವಿಜಯಪುರದಿಂದ ತಿಕೋಟಾ ಕಡೆಗೋ ಬಬಲೇಶ್ವರದ ಕಡೆಗೋ ಹೊರಟರೆ ಅಲ್ಲಲ್ಲಿ ಕರ್ರಗೆ ಸುಟ್ಟ ಬದುಗಳು ಕಾಣುತ್ತವೆ. ಒಣಗಿದ ಹುಲ್ಲಿಗೆ, ಕಬ್ಬಿನ ರವದಿಗೆ ಬೆಂಕಿ ಹಚ್ಚಿದ ಗುರುತು ಅದು. ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಅದೇ ಇಳಿಜಾರನ್ನು ಬಗ್ಗಿ ನೋಡಿ. ಬೂದಿಯ ನಡುವೆ ಗರಗಸದ ಅಂಚಿನ, ಮೈತುಂಬ ರೋಮವಿರುವ ಪುಟ್ಟ ಎಲೆಗಳು ಎದ್ದಿರುತ್ತವೆ. ಮುಂಗಾರು ನೆಲೆಯೂರುವ ಹೊತ್ತಿಗೆ ಗೇಣುದ್ದದ ಬೋಳು ತೊಟ್ಟಿನ ತುದಿಯಲ್ಲಿ ಒಂದೊಂದೇ ಹೂವು: ನಡುವೆ ಹಳದಿ, ಸುತ್ತ ಕೆನೆಬಣ್ಣದ ಐದು ಎಸಳು.

ಇದು ಗಬ್ಬು ಸಾವಂತಿ. ಕೆಲವರು ಅಟ್ಟಿಗೆ ಸೊಪ್ಪು ಎನ್ನುತ್ತಾರೆ, ಕೆಲವರು ಜಯಂತಿ ಎನ್ನುತ್ತಾರೆ. ಗಡಿಯಾಚೆಯ ಮರಾಠಿಯಲ್ಲಿ ಇದರ ಹೆಸರು ದಗಡಿ ಪಾಲಾ, ಅಂದರೆ ಕಲ್ಲಿನ ಸೊಪ್ಪು. ಮಡ್ಡಿ ನೆಲದಲ್ಲಿ, ಗೋಡೆಯ ಸಂದಿಯಲ್ಲಿ ಬೇರು ಬಿಡುವ ಗಿಡಕ್ಕೆ ತಕ್ಕ ಹೆಸರು. ಸಸ್ಯವಿಜ್ಞಾನದಲ್ಲಿ ಇದು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಪ್ರೊಕಂಬೆನ್ಸ್ ಎಂದರೆ ನೆಲಕ್ಕೆ ಒರಗಿದ್ದು. 1753ರಲ್ಲಿ ಲಿನೇಯಸ್ ತನ್ನ ಗ್ರಂಥದಲ್ಲಿ ದಾಖಲಿಸಿದ ಈ ಗಿಡದ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ.

ಊರು ದೂರದ್ದಾದರೂ ಬಳಗ ನಮ್ಮದೇ. ನಮ್ಮ ಹೊಲದ ಕುಸುಬಿ, ಸೂರ್ಯಕಾಂತಿ, ಚಟ್ನಿಯ ಗುರೆಳ್ಳು, ಮುಡಿಯುವ ಸೇವಂತಿ, ದೀಪಾವಳಿಯ ಚೆಂಡು ಹೂ, ಕೊನೆಗೆ ಎಲ್ಲರೂ ಶಪಿಸುವ ಕಾಂಗ್ರೆಸ್ ಕಸ ಕೂಡ ಇದೇ ಸೂರ್ಯಕಾಂತಿ ಕುಟುಂಬದವು. ಜಗತ್ತಿನಲ್ಲಿ ಈ ಕುಟುಂಬದ 25,000ಕ್ಕೂ ಹೆಚ್ಚು ಪ್ರಭೇದಗಳಿವೆ. ಇವೆಲ್ಲಕ್ಕೂ ಒಂದು ಸಮಾನ ಗುಣವಿದೆ. ನಾವು ಒಂದು ಹೂವು ಎನ್ನುವುದು ನಿಜವಾಗಿ ಹೂಗಳ ಒಂದು ಸಂತೆ. ಗಬ್ಬು ಸಾವಂತಿಯ ಹಳದಿ ಗುಂಡಿಯನ್ನು ಬಿಡಿಸಿ ನೋಡಿದರೆ ಹತ್ತಾರು ಕೊಳವೆ ಹೂಗಳು ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಅಂಚಿನಲ್ಲಿ ಎಸಳಿನಂತೆ ತೋರುವ, ತುದಿಗೆ ಮೂರು ಹಲ್ಲಿರುವ ಒಂದೊಂದೂ ಒಂದು ಹೆಣ್ಣು ಹೂವು. ಒಂದೇ ಸಾರಿ ಬಂದು ಕೂತ ಚಿಟ್ಟೆ ಹಲವು ಹೂಗಳಿಗೆ ಪರಾಗ ಮುಟ್ಟಿಸಿ ಹೋಗುತ್ತದೆ.

ಪರಾಗ ಕೂಡಿದ ಪ್ರತಿ ಹೂವಿನಿಂದ ಒಂದು ಕಾಳು. ಉದ್ದ ಸುಮಾರು 2 ಮಿಲಿಮೀಟರ್. ಅದರ ತಲೆಯ ಮೇಲೆ ಗರಿಗರಿಯಾದ ಕೂದಲಿನ ಕುಚ್ಚು. ಗಾಳಿ ಬೀಸಿದರೆ ಕುಚ್ಚೇ ಕೊಡೆಯಾಗಿ ಕಾಳನ್ನು ಹೊತ್ತೊಯ್ಯುತ್ತದೆ. ಇದೇ ಬಳಗದ ಡ್ಯಾಂಡೆಲಿಯನ್ ಬೀಜದ ಹಾರಾಟವನ್ನು ಎಡಿನ್‌ಬರೋ ವಿಶ್ವವಿದ್ಯಾಲಯದ ವಿಜ್ಞಾನಿಗಳು 2018ರಲ್ಲಿ ವಿವರಿಸಿದರು. ಕೂದಲುಗಳ ನಡುವೆ ನುಸುಳಿದ ಗಾಳಿ ಕುಚ್ಚಿನ ಮೇಲ್ಗಡೆ ಬಳೆಯಂತೆ ಸುತ್ತುವ ಒಂದು ಸುಳಿಯಾಗಿ ನಿಲ್ಲುತ್ತದೆ, ಆ ಸುಳಿ ಬೀಜ ಬೇಗ ಕೆಳಗಿಳಿಯದಂತೆ ತಡೆಯುತ್ತದೆ. ಬಹುಪಾಲು ಖಾಲಿ ಜಾಗವೇ ಇರುವ ಕುಚ್ಚು ಗಾಳಿಯನ್ನು ಹಿಡಿಯುವುದು ಹೀಗೆ.

ಹಾಗಾದರೆ ಸುಟ್ಟ ನೆಲಕ್ಕೂ ಈ ಗಿಡಕ್ಕೂ ಏನು ನಂಟು? ಬೆಂಕಿಯ ಹೊಗೆಯನ್ನೇ ಕಾದು ಕೂರುವ ಬೀಜಗಳು ಜಗತ್ತಿನಲ್ಲಿ ಉಂಟು. ಹೊಗೆಯಲ್ಲಿರುವ ಯಾವ ವಸ್ತು ಅವುಗಳನ್ನು ಎಬ್ಬಿಸುತ್ತದೆಂದು ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 2004ರಲ್ಲಿ ಗುರುತಿಸಿದರು. ಅಲ್ಲಿನ ನೂಂಗಾರ್ ಜನರ ಭಾಷೆಯಲ್ಲಿ ಹೊಗೆಗಿರುವ ಪದದಿಂದ ಅದಕ್ಕೆ ಕ್ಯಾರಿಕಿನ್ ಎಂಬ ಹೆಸರು ಬಂತು. ಗಬ್ಬು ಸಾವಂತಿಯ ಕಥೆ ಬೇರೆ. ಇದಕ್ಕೆ ಬೆಂಕಿ ಬೇಕಾಗಿಲ್ಲ, ಬೆಳಕು ಬೇಕು. ಇದರ ಕಾಳು ಮಣ್ಣಿನ ಮೇಲ್ಮೈಯಲ್ಲಿ ಬೆಳಕು ಕಂಡಾಗ ಚೆನ್ನಾಗಿ ಮೊಳೆಯುತ್ತದೆ, ಆಳಕ್ಕೆ ಹೂತರೆ ಮೇಲೇಳುವುದಿಲ್ಲ. 2 ಮಿಲಿಮೀಟರ್ ಕಾಳಿನಲ್ಲಿ ಬುತ್ತಿ ಎಷ್ಟಿದ್ದೀತು? ಕತ್ತಲೆಯ ಮಣ್ಣನ್ನು ಕೊರೆದು ಬರುವಷ್ಟರಲ್ಲಿ ಅದು ತೀರಿಹೋಗುತ್ತದೆ.

ದಟ್ಟ ಹುಲ್ಲು ಹೊದ್ದ ಬದುವಿನಲ್ಲಿ ಈ ಕಾಳಿಗೆ ಜಾಗ ಸಿಗುವುದು ಕಷ್ಟ. ಬೆಂಕಿ ಬಿದ್ದಾಗ ಆ ಹೊದಿಕೆ ಹೋಗುತ್ತದೆ. ಮೇಲೆ ಬಿದ್ದಿದ್ದ ಹಳೆಯ ಕಾಳುಗಳು ಸುಟ್ಟರೂ, ಪಕ್ಕದ ರಸ್ತೆಬದಿಯಿಂದ, ದ್ರಾಕ್ಷಿ ತೋಟದ ಅಂಚಿನಿಂದ ಹೊಸ ಕಾಳುಗಳು ಗಾಳಿಯಲ್ಲಿ ಬಂದು ಇಳಿಯುತ್ತವೆ. ಬಿಸಿಲು ನೇರವಾಗಿ ಮಣ್ಣಿಗೆ ತಾಗುತ್ತಿದೆ, ಎದುರಾಳಿಗಳಿಲ್ಲ, ಒಂದು ಮಳೆ ಸಾಕು. ಆಮೇಲೆ ಕಾಂಡ ನೆಲದ ಮೇಲೆ ಹರಿಯುತ್ತ ಗೆಣ್ಣು ಗೆಣ್ಣಿಗೂ ಬೇರೂರುತ್ತದೆ.

ಸುಟ್ಟ ಜಾಗ ಹಸಿರಾದದ್ದನ್ನು ಕಂಡು ಬೂದಿಯಿಂದ ನೆಲ ಫಲವತ್ತಾಯಿತೆಂದು ಹಲವರು ತಿಳಿಯುತ್ತಾರೆ. ನಮ್ಮ ನೆಲದ ಮಟ್ಟಿಗೆ ಇದು ತಪ್ಪು ಲೆಕ್ಕ. ಬೂದಿಯಲ್ಲಿರುವುದು ಮುಖ್ಯವಾಗಿ ಸುಣ್ಣದ ಅಂಶ ಮತ್ತು ಪೊಟ್ಯಾಶ್. ದಖನ್ನಿನ ಲಾವಾ ಕಲ್ಲು ಸವೆದು ಆದ ನಮ್ಮ ಎರೆಮಣ್ಣು ಮೊದಲೇ ಕ್ಷಾರ ಗುಣದ್ದು, ಪೊಟ್ಯಾಶಿಗೂ ಅದರಲ್ಲಿ ಸಾಮಾನ್ಯವಾಗಿ ಬರವಿಲ್ಲ. ಅದಕ್ಕೆ ಕೊರತೆ ಇರುವುದು ಸಾರಜನಕ ಮತ್ತು ಸಾವಯವ ಅಂಶದ್ದು. ಅವೆರಡೂ ಬೆಂಕಿಯಲ್ಲಿ ಹೊಗೆಯಾಗಿ ಹಾರಿಹೋಗುತ್ತವೆ. ಇರುವುದನ್ನು ಮತ್ತೆ ಕೊಟ್ಟು, ಇಲ್ಲದ್ದನ್ನು ಕಸಿದುಕೊಳ್ಳುವ ವ್ಯಾಪಾರವಿದು. ಮೇಲಾಗಿ ಬೋಳಾದ ಇಳಿಜಾರಿಗೆ ಮೊದಲ ರಭಸದ ಮಳೆ ಬಿದ್ದರೆ ಮೇಲ್ಮಣ್ಣು ಬೂದಿಯ ಸಮೇತ ಹಳ್ಳ ಸೇರುತ್ತದೆ, ಹಳ್ಳದಿಂದ ಡೋಣಿ ನದಿಗೆ.

ಅಂಥ ಹೊತ್ತಿನಲ್ಲಿ ಗಬ್ಬು ಸಾವಂತಿ ತನ್ನ ಕೈಲಾದಷ್ಟು ಮಣ್ಣು ಹಿಡಿಯುತ್ತದೆ. ವರ್ಷದ ಬಹುಕಾಲ ಹೂ ಬಿಟ್ಟು ಚಿಟ್ಟೆಗಳಿಗೂ ಜೇನಿಗೂ ಊಟ ಕೊಡುತ್ತದೆ. ಕೈ ಕೊಯ್ದುಕೊಂಡಾಗ ಇದರ ಎಲೆಯ ರಸ ಹಿಂಡುವುದು ಹಳ್ಳಿಗರ ಹಳೆಯ ರೂಢಿ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲೂ ಇದರ ಸಾರ ಗಾಯ ಮಾಯಲು ನೆರವಾದದ್ದು ಕಂಡಿದೆ. ಆಳವಾದ ಗಾಯಕ್ಕೆ ಮಾತ್ರ ಆಸ್ಪತ್ರೆಯೇ ದಾರಿ. ಇಷ್ಟೆಲ್ಲ ಉಪಕಾರವಿದ್ದರೂ ಈ ಗಿಡ ಹುಲ್ಲಿಗೆ ಬದಲಿಯಲ್ಲ. ಹಲವು ದೇಶಗಳಲ್ಲಿ ಇದು ಬೆಳೆಗಳ ನಡುವೆ ನುಗ್ಗುವ ಕಳೆ. ನಮ್ಮ ಕರಕಿ ಹುಲ್ಲಿನ ದಟ್ಟ ಬೇರಿನ ಹಿಡಿತ ಇದಕ್ಕಿಲ್ಲ. ನೆಲ ಹುಣ್ಣಾದಲ್ಲಿ ಮೊದಲು ಬರುವ ಗಿಡವಿದು. ಇದು ಹೆಚ್ಚಾಗಿ ಕಂಡಲ್ಲಿ ನೆಲದ ಹೊದಿಕೆ ಕಿತ್ತುಹೋಗಿದೆ ಎಂದು ಓದಿಕೊಳ್ಳಬೇಕು.

ಆದ್ದರಿಂದ ತಿಕೋಟಾ, ಬಬಲೇಶ್ವರದ ರೈತ ಬಂಧುಗಳಲ್ಲಿ ಒಂದು ಮಾತು. ಬರುವ ಬೇಸಿಗೆಯಲ್ಲಿ ಕಡ್ಡಿ ಗೀರುವ ಮುನ್ನ ರವದಿಯನ್ನು ಸಾಲುಗಳ ನಡುವೆ ಹಾಸಿ ನೋಡಿ. ಬದುವಿನ ಹುಲ್ಲನ್ನು ಕೊಯ್ದು ದನಕ್ಕೆ ಹಾಕಿ, ಬೇರನ್ನು ನೆಲದಲ್ಲೇ ಬಿಡಿ. ಮಳೆ ಕಡಿಮೆಯಿರುವ ನಾಡಿನಲ್ಲಿ ಮಣ್ಣಿನ ಮೇಲಿನ ಹೊದಿಕೆಯೇ ತೇವದ ಕಾವಲು.