ಮದರಂಗಿಗೆ ಒಂದು ರಾತ್ರಿ ಬೇಕು

ಈದುಲ್ ಫಿತ್ರ್ ಮುಗಿದು ಐದನೆಯ ದಿನ. ಅತ್ತಾವರದ ನನ್ನ ಕ್ಲಿನಿಕ್‌ಗೆ ತಾಯಿಯೊಬ್ಬರು ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಮಗು ಬಲಗೈಯನ್ನು ದುಪಟ್ಟಾದೊಳಗೆ ಅಡಗಿಸಿಕೊಂಡಿತ್ತು. ಬಿಡಿಸಿ ನೋಡಿದರೆ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಹಬ್ಬದ ಬಳ್ಳಿ, ಹೂವು, ಎಲೆ ಎಲ್ಲವೂ ಇದ್ದವು. ಬಣ್ಣದಲ್ಲಿ ಅಲ್ಲ, ನೀರು ತುಂಬಿದ ಗುಳ್ಳೆಗಳಲ್ಲಿ. ಮಗು ಅಳುತ್ತಿರಲಿಲ್ಲ. ತನ್ನದೇ ತಪ್ಪೇನೋ ಎಂಬಂತೆ ತಲೆ ತಗ್ಗಿಸಿತ್ತು.

"ಮದರಂಗಿ ಅಲ್ವಾ ಡಾಕ್ಟ್ರೇ, ಸೊಪ್ಪಿನದ್ದು. ಸೊಪ್ಪಿನಿಂದ ಹೀಗೂ ಆಗ್ತದಾ?" ಎಂದು ತಾಯಿ ಕೇಳಿದರು.

ಸೊಪ್ಪಿನಿಂದ ಹೀಗಾಗುವುದು ತೀರಾ ಅಪರೂಪ. ವಿಚಾರಿಸಿದಾಗ ವಿಷಯ ತಿಳಿಯಿತು. ಚಂದ್ರದರ್ಶನದ ಸುದ್ದಿ ಬಂದದ್ದು ರಾತ್ರಿ. ಅಡುಗೆಮನೆಯಲ್ಲಿ ಮಾಂಸ, ಮಸಾಲೆ, ತೆಂಗಿನಕಾಯಿ, ಕೈತುಂಬ ಕೆಲಸ. ಮಕ್ಕಳು ಮದರಂಗಿ ಬೇಕೆಂದು ಹಠ ಹಿಡಿದರು. ಯಾರೋ ರಸ್ತೆಬದಿಯಿಂದ ಕೋನ್ ತಂದರು. ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ ಎಂದು ಮಾರಿದವನು ಹೇಳಿದ್ದ. ಅವನು ಹೇಳಿದ್ದು ಸುಳ್ಳಲ್ಲ, ಅರ್ಧ ಗಂಟೆಯಲ್ಲಿ ಕಪ್ಪಾಯಿತು.

ಮದರಂಗಿ ಗಿಡದ ಎಲೆಯಲ್ಲಿರುವ ಬಣ್ಣದ ಅಂಶದ ಹೆಸರು ಲಾಸೋನ್. ಅದು ಚರ್ಮಕ್ಕೆ ಕಿತ್ತಳೆ ಬಣ್ಣ ಕೊಡುತ್ತದೆ, ಒಂದೆರಡು ದಿನಗಳಲ್ಲಿ ಕಡು ಕಂದು ಆಗುತ್ತದೆ. ಅಷ್ಟೇ. ಕಪ್ಪು ಮದರಂಗಿ ಎಂಬ ಗಿಡ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ದಿಢೀರ್ ಕಪ್ಪು ಬರಿಸಲು ಅದರಲ್ಲಿ ಹೆಚ್ಚಾಗಿ ಬೆರೆಸುವುದು ಪಿಪಿಡಿ, ಅಂದರೆ ಪ್ಯಾರಾ ಫಿನೈಲೀನ್ ಡಯಾಮಿನ್ ಎಂಬ ರಾಸಾಯನಿಕ. ತಲೆಗೂದಲಿಗೆ ಹಚ್ಚುವ ಕಪ್ಪು ಡೈಯಲ್ಲಿ ಇರುವುದೂ ಇದೇ. ಕೂದಲಿಗೆ ಹಚ್ಚುವಾಗಲೂ ಮೊದಲು ಪರೀಕ್ಷಿಸಿ ನೋಡಿ ಎಂದು ಪೊಟ್ಟಣದ ಮೇಲೆ ಬರೆದಿರುತ್ತಾರೆ. ಅದನ್ನು ಮಗುವಿನ ಎಳೆಯ ಚರ್ಮದ ಮೇಲೆ ನೇರವಾಗಿ ಬಳಿದರೆ ಎರಡು ಮೂರು ದಿನಗಳಲ್ಲಿ, ಕೆಲವರಿಗೆ ಎರಡು ವಾರಗಳ ಬಳಿಕವೂ, ತುರಿಕೆ, ಉರಿ, ಗುಳ್ಳೆ ಬರಬಹುದು. ಗುಳ್ಳೆ ಮಾಯುತ್ತದೆ, ಅಲರ್ಜಿ ಮಾತ್ರ ದೇಹದಲ್ಲಿ ಬದುಕಿಡೀ ಉಳಿಯುತ್ತದೆ. ಈ ಹುಡುಗಿ ಮುಂದೆ ನಲ್ವತ್ತರಲ್ಲಿ ನರೆಗೂದಲಿಗೆ ಡೈ ಹಚ್ಚಿದರೆ ಮುಖವೇ ಊದಿಕೊಳ್ಳಬಹುದು. ನಾನು ಯುನಾನಿ ವೈದ್ಯೆ, ಆದರೂ ಆ ದಿನ ಲೇಪ, ಕಷಾಯ ಎಂದು ಸಮಯ ಕಳೆಯದೆ ಮಗುವನ್ನು ಚರ್ಮರೋಗ ತಜ್ಞರಲ್ಲಿಗೆ ಕಳಿಸಿದೆ.

ಈ ಸಂಚಿಕೆ ನಿಮ್ಮ ಕೈ ಸೇರುವಾಗ ರಮಝಾನ್ ಅರ್ಧ ದಾಟಿರುತ್ತದೆ. ಹಾಗಾಗಿ ಮದರಂಗಿಯನ್ನು ಮನೆಯಲ್ಲೇ ಕಲಸುವ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ.

ಎಲ್ಲಕ್ಕಿಂತ ಮುಖ್ಯ ಸಮಯದ ಲೆಕ್ಕ. ನಮ್ಮ ಕರಾವಳಿಯಲ್ಲಿ 29ನೆಯ ಉಪವಾಸದ ಸಂಜೆ ಯಾರಿಗೂ ಏನೂ ಖಚಿತವಿರುವುದಿಲ್ಲ. ಕೇರಳದ ಕಡೆಯಿಂದ ಸುದ್ದಿ ಬಂದರೆ ನಾಳೆ ಹಬ್ಬ, ಇಲ್ಲದಿದ್ದರೆ ನಾಡಿದ್ದು. 2024ರಲ್ಲಿ ನಾವು ಏಪ್ರಿಲ್ 10ಕ್ಕೆ ಈದ್ ಆಚರಿಸಿದಾಗ ರಾಜ್ಯದ ಉಳಿದ ಕಡೆ ಇನ್ನೂ ಉಪವಾಸವಿತ್ತು. ಸುದ್ದಿ ಬಂದ ಮೇಲೆ ಮದರಂಗಿ ಕಲಸಲು ಕೂತರೆ ಕೋನ್ ಮಾರುವವನೇ ಗತಿ. ನೈಜ ಮದರಂಗಿ ಕಲಸಿದ ಮೇಲೆ ಆರೇಳು ಗಂಟೆ ನೆನೆಯಬೇಕು, ಕೈಯಲ್ಲಿ ನಾಲ್ಕೈದು ಗಂಟೆ ಇರಬೇಕು, ಆಮೇಲೆ ಬಣ್ಣ ಗಾಢವಾಗಲು ಒಂದೂವರೆ ಎರಡು ದಿನ ಬೇಕು. ಅಂದರೆ 27ನೆಯ ಅಥವಾ 28ನೆಯ ಉಪವಾಸದ ರಾತ್ರಿಯೇ ಹಚ್ಚಿ ಮುಗಿಸಬೇಕು. ಹಬ್ಬದ ಹಿಂದಿನ ರಾತ್ರಿ ಹಚ್ಚಿದವರ ಕೈ ಹಬ್ಬದ ಬೆಳಿಗ್ಗೆ ಕ್ಯಾರೆಟ್ ಬಣ್ಣದಲ್ಲಿರುತ್ತದೆ. ಮಕ್ಕಳು ಮುಖ ಸಪ್ಪಗೆ ಮಾಡಿಕೊಳ್ಳುವುದು, ಮರುವರ್ಷ ಕಪ್ಪು ಕೋನ್ ಬೇಕೆನ್ನುವುದು ಇದರಿಂದಲೇ.

ನಮ್ಮ ಮನೆಯಲ್ಲಿ ಮಧ್ಯಾಹ್ನ ಕಲಸುತ್ತೇವೆ. ನೂರು ಗ್ರಾಂ ಮದರಂಗಿ ಪುಡಿ ನಾಲ್ಕೈದು ಮಂದಿಯ ಕೈಗೆ ಧಾರಾಳ. ಪುಡಿ ಕೊಳ್ಳುವಾಗ ಅದರಲ್ಲಿ ಎಲೆಯ ಹೊರತು ಬೇರೇನೂ ಇಲ್ಲವೆಂದು ಪೊಟ್ಟಣದಲ್ಲಿ ಓದಿ ನೋಡಿ. ಕೂದಲಿಗೆಂದು ಮಾರುವ ಕೆಲವು ಪುಡಿಗಳಲ್ಲೂ ಪಿಪಿಡಿ ಇರುತ್ತದೆ. ತೆಳು ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿ, ಇಲ್ಲದಿದ್ದರೆ ಕೋನ್‌ನ ಬಾಯಿ ಕಟ್ಟಿಕೊಳ್ಳುತ್ತದೆ. ಎರಡು ಚಮಚ ಸಕ್ಕರೆ ಬೆರೆಸಿದರೆ ಲೇಪ ಬೇಗ ಒಣಗಿ ಉದುರುವುದಿಲ್ಲ. ನಿಂಬೆ ರಸದಲ್ಲಿ ಕಲಸುವುದು ರೂಢಿ. ನಾನು ಮಾತ್ರ ತಣಿದ ಚಹಾ ಡಿಕಾಕ್ಷನ್ ಬಳಸುತ್ತೇನೆ, ಕಾರಣ ಮುಂದೆ ಬರುತ್ತದೆ. ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಮುಚ್ಚಿಡಿ. ಸಂಜೆ ಒಂದು ಚುಕ್ಕೆಯನ್ನು ಅಂಗೈಗೆ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ. ಕಿತ್ತಳೆ ಕಲೆ ಉಳಿದರೆ ಲೇಪ ಸಿದ್ಧವಾಗಿದೆ ಎಂದರ್ಥ.

ತರಾವೀಹ್ ಮುಗಿಸಿ ಹಚ್ಚಲು ಕುಳಿತರೆ ಸಹರಿಗೆ ಏಳುವ ಹೊತ್ತಿಗೆ ಸರಿಯಾಗಿ ಐದು ಗಂಟೆ ಆಗಿರುತ್ತದೆ. ಕೆರೆದು ತೆಗೆದು, ಕೈ ತೊಳೆದು ಫಜ್ರ್‌ಗೆ ವುಝೂ ಮಾಡಬಹುದು. ಬಣ್ಣ ವುಝೂವಿಗೆ ಅಡ್ಡಿಯಲ್ಲ, ಅಂಟಿಕೊಂಡ ಲೇಪ ಅಡ್ಡಿ. ಬಳಿಕ ಕೈಗೆ ತೆಂಗಿನೆಣ್ಣೆ ಸವರಿ. ಹಿಂದೆ ನಮ್ಮ ಬ್ಯಾರಿ ಮನೆಗಳಲ್ಲಿ ಅಂಗಳದ ಗಿಡದಿಂದ ಎಲೆ ಕಿತ್ತು ಅರೆಯುವ ಕಲ್ಲಿನಲ್ಲಿ ಮೈಲಾಂಜಿ ಅರೆಯುತ್ತಿದ್ದಾಗ ಇಷ್ಟು ವಿವರ ಯಾರೂ ಬರೆದಿಡಬೇಕಾಗಿರಲಿಲ್ಲ. ಫ್ಲ್ಯಾಟುಗಳಲ್ಲಿ ಅಂಗಳವೂ ಇಲ್ಲ, ಕಲ್ಲೂ ಇಲ್ಲ.

ಎರಡು ಎಚ್ಚರಿಕೆ. ಎಳೆಗೂಸುಗಳಿಗೆ ನೈಜ ಮದರಂಗಿಯೂ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿಗೆ ಮದರಂಗಿ ಹಚ್ಚಿದಾಗ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ, ತೀವ್ರ ರಕ್ತಹೀನತೆ ಆದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಕೊರತೆ ಇದೆಯೋ ಇಲ್ಲವೋ ನೋಡಿದರೆ ತಿಳಿಯುವುದಿಲ್ಲ. ಇನ್ನೊಂದು, ಸೀಮೆಎಣ್ಣೆಯ ವಾಸನೆ ಬರುವ ಕೋನ್ ಕಪ್ಪಲ್ಲದಿದ್ದರೂ ತರಬೇಡಿ. ನೈಜ ಲೇಪ ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಅಂಗಡಿಯ ಗೂಡಿನಲ್ಲಿ ತಿಂಗಳುಗಟ್ಟಲೆ ಬಾಳಬೇಕಾದರೆ ಅದರಲ್ಲಿ ಬೇರೇನೋ ಇದೆ.

ಇನ್ನು ನಿಂಬೆಯ ಕತೆ. ಇದು ನನ್ನದೇ ತಪ್ಪು.

ಯುನಾನಿಯಲ್ಲಿ ಉಬಟನ್‌ಗೆ, ಅಂದರೆ ಮೈಗೆ ಹಚ್ಚಿ ಉಜ್ಜುವ ಲೇಪಕ್ಕೆ ದೊಡ್ಡ ಪರಂಪರೆಯಿದೆ. 10ನೆಯ ಶತಮಾನದಲ್ಲಿ ಅಂದಲೂಸಿನ ಕೊರ್ದೋವಾದ ಬಳಿ ಬಾಳಿದ ವೈದ್ಯ ಅಝ್ಝಹ್ರಾವಿ 30 ಭಾಗಗಳ ತನ್ನ 'ಅತ್ತಸ್ರೀಫ್' ಗ್ರಂಥದಲ್ಲಿ 19ನೆಯ ಭಾಗವನ್ನು ಪೂರ್ತಿ ಸುಗಂಧ ಮತ್ತು ಸೌಂದರ್ಯ ಸಾಧನಗಳಿಗೆ ಮೀಸಲಿಟ್ಟಿದ್ದಾನೆ. ಶಸ್ತ್ರಚಿಕಿತ್ಸೆಗೆ ಹೆಸರಾದವನಿಗೆ ಇದು ಕೀಳು ವಿಷಯವೆಂದು ಅನಿಸಲಿಲ್ಲ. ಕಾಲೇಜಿನಲ್ಲಿ ಇದನ್ನೆಲ್ಲ ಓದಿದ ಹೆಮ್ಮೆಯಲ್ಲಿ ನಾನು ಒಂದು ಈದ್‌ನ ಬೆಳಿಗ್ಗೆ ಕಡಲೆ ಹಿಟ್ಟಿಗೆ ನಿಂಬೆ ರಸ ಹಿಂಡಿ ಮಗನ ಮುಖ, ಕುತ್ತಿಗೆಗೆ ಉಜ್ಜಿದೆ. ಅವಸರದಲ್ಲಿ ಸರಿಯಾಗಿ ತೊಳೆಯಲಿಲ್ಲ. ಅವನು ತಂದೆಯ ಜೊತೆ ಬಾವುಟಗುಡ್ಡೆಯ ಈದ್ಗಾಕ್ಕೆ ಹೋದ. ನಮಾಝ್, ಖುತ್ಬಾ, ಆಲಿಂಗನ, ಬಂಧುಗಳ ಮನೆ, ಎಲ್ಲವೂ ಬಿಸಿಲಿನಲ್ಲಿ. ಎರಡು ದಿನ ಬಿಟ್ಟು ಕುತ್ತಿಗೆ ಕೆಂಪಾಯಿತು. ಆಮೇಲೆ ರಸ ತೊಟ್ಟಿಕ್ಕಿದ ದಾರಿಯಲ್ಲೇ ಕಂದು ಗೆರೆಗಳು ಮೂಡಿದವು. ಹೋಗಲು ಎರಡು ತಿಂಗಳು ಹಿಡಿಯಿತು. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಬಿಸಿಲು ತಾಗಿದರೆ ಚರ್ಮವನ್ನು ಸುಡುವ ಅಂಶಗಳಿವೆ. ಅಡುಗೆಮನೆಯಲ್ಲಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಚರ್ಮಕ್ಕೆ ಹಿತವಲ್ಲ. ಅಡುಗೆ ಸೋಡಾವೂ ಹಾಗೆಯೇ. ನಮ್ಮ ಚರ್ಮದ ಸಹಜ ಗುಣ ತುಸು ಆಮ್ಲೀಯ, ಸೋಡಾ ಅದಕ್ಕೆ ತದ್ವಿರುದ್ಧ.

ಈಗ ನಾನು ಹೇಳಿಕೊಡುವ ಉಬಟನ್ ಬಹಳ ಸಾದಾ. ನಾಲ್ಕು ಚಮಚ ಕಡಲೆ ಹಿಟ್ಟು ಅಥವಾ ಹೆಸರು ಹಿಟ್ಟು, ಒಂದು ಚಿಟಿಕೆ ಕಸ್ತೂರಿ ಅರಿಶಿನ. ಒಣ ಚರ್ಮದವರು ಹಾಲಿನ ಕೆನೆಯಲ್ಲಿ ಕಲಸಲಿ, ಎಣ್ಣೆ ಚರ್ಮದವರು ಅರ್ಧ ಚಮಚ ಮುಲ್ತಾನಿ ಮಿಟ್ಟಿ ಸೇರಿಸಿ ಗುಲಾಬಿ ನೀರಿನಲ್ಲಿ ಕಲಸಲಿ. ಒಬ್ಬೊಬ್ಬರ ಮಿಝಾಜ್ ಒಂದೊಂದು ಎಂದು ನಮ್ಮ ವೈದ್ಯಶಾಸ್ತ್ರ ಹೇಳುವುದು ಇದನ್ನೇ. ಪೂರ್ತಿ ಒಣಗುವ ಮುನ್ನ ತೊಳೆಯಿರಿ. ಒಣಗಿ ಬಿರಿದದ್ದನ್ನು ಉಜ್ಜಿ ಕೀಳುವುದರಿಂದ ಚರ್ಮ ಗೀರುತ್ತದೆ. ಹೊಸದನ್ನು ಹಚ್ಚುವ ಎರಡು ದಿನ ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡಿ. ಇಸುಬು ಇರುವ ಮಕ್ಕಳಿಗೆ ಉಬಟನ್ ಬೇಡವೇ ಬೇಡ. ಹುಟ್ಟಿದ ಮಗುವಿನ ಮೈಯ ನವಿರು ಕೂದಲು ಹೋಗಲೆಂದು ಹಿಟ್ಟಿನಲ್ಲಿ ತಿಕ್ಕುವ ಅಜ್ಜಿಯಂದಿರಿಗೆ ನಾನು ಪ್ರತಿಸಲವೂ ಹೇಳುತ್ತೇನೆ: ಆ ಕೂದಲು ತಾನಾಗಿಯೇ ಉದುರುತ್ತದೆ, ಮಗುವನ್ನು ಬಿಟ್ಟುಬಿಡಿ.

ತಲೆ ತೊಳೆಯಲು ದಾಸವಾಳದ ಎಲೆಯಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಹತ್ತು ಹನ್ನೆರಡು ಎಲೆಗಳನ್ನು ನೀರಿನಲ್ಲಿ ಹಿಸುಕಿ ಸೋಸಿದರೆ ಲೋಳೆ ಸಿದ್ಧ, ಮಕ್ಕಳ ಕಣ್ಣಿಗೂ ಅಷ್ಟಾಗಿ ಉರಿಯುವುದಿಲ್ಲ. ಎಣ್ಣೆ ಹೆಚ್ಚಿದ್ದರೆ ಒಂದು ಚಮಚ ಸೀಗೆ ಪುಡಿ ಸೇರಿಸಿ. ಅಂಟುವಾಳ ಚೆನ್ನಾಗಿ ನೊರೆ ಬರುತ್ತದೆ, ಆದರೆ ಕಣ್ಣಿಗೆ ಬಿದ್ದರೆ ಮಗು ಮುಂದಿನ ಈದ್‌ವರೆಗೆ ನೆನಪಿಡುತ್ತದೆ. ಲೋಳೆ ಅಂದಂದೇ ಮುಗಿಯಬೇಕು. ನೀರು ಸೇರಿದ ಯಾವ ಮನೆ ತಯಾರಿಯೂ ನಮ್ಮ ಸೆಕೆಗೆ ನಿಲ್ಲುವುದಿಲ್ಲ, ಫ್ರಿಜ್‌ನಲ್ಲಿ ಹೆಚ್ಚೆಂದರೆ ಎರಡು ದಿನ. ಒಣ ಪುಡಿಯನ್ನು ಒದ್ದೆ ಚಮಚ ಹಾಕದೆ ಗಾಜಿನ ಭರಣಿಯಲ್ಲಿಟ್ಟರೆ ಮಳೆಗಾಲದವರೆಗೆ ಬರುತ್ತದೆ. ಆಷಾಢದಲ್ಲಿ ಮಂಗಳೂರಿನಲ್ಲಿ ಉಪ್ಪೇ ನೀರಾಗುತ್ತದೆ, ಪುಡಿಯ ಮಾತೇನು.

ಮಿಸ್ವಾಕ್ ಎಲ್ಲರ ಜೇಬಿನಲ್ಲೂ ಇರುತ್ತದೆ, ಹಲವರದು ತಿಂಗಳು ಹಳೆಯದು. ತುದಿಯ ನಾರು ಕಪ್ಪಾಗುವ ಮೊದಲೇ ಎರಡು ಮೂರು ದಿನಕ್ಕೊಮ್ಮೆ ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಿ. ಮನೆಯವರೆಲ್ಲ ಒಂದನ್ನೇ ಹಂಚಿಕೊಳ್ಳಬೇಡಿ. ಇದ್ದಿಲು, ಕಲ್ಲುಪ್ಪು ಬೆರೆಸಿದ ಹಲ್ಲುಪುಡಿ ಹಲ್ಲಿನ ಹೊಳಪನ್ನೇ ಸವೆಸುತ್ತದೆ.

ಸುರ್ಮಾದ ಬಗ್ಗೆ ಬರೆದರೆ ನಮ್ಮವರಿಗೆ ಬೇಸರವಾಗುತ್ತದೆ ಎಂದು ಗೊತ್ತು. ಕಣ್ಣಿಗೆ ಇಸ್ಮಿದ್ ಹಚ್ಚುವುದು ಸುನ್ನತ್, ಯುನಾನಿ ಗ್ರಂಥಗಳೂ ಅದನ್ನು ಹೊಗಳಿವೆ. ಆದರೆ ಇಂದು ಪೇಟೆಯಲ್ಲಿ ಸುರ್ಮಾ ಎಂದು ಸಿಗುವುದರಲ್ಲಿ ಬಹಳಷ್ಟು ಗ್ಯಾಲೀನಾ ಎಂಬ ಕಲ್ಲಿನ ಪುಡಿ, ಅಂದರೆ ಸೀಸದ ಸಲ್ಫೈಡ್. ಮಗು ಕಣ್ಣುಜ್ಜಿ ಅದೇ ಬೆರಳನ್ನು ಬಾಯಿಗಿಡುತ್ತದೆ. ಸೀಸ ರಕ್ತಕ್ಕೆ ಸೇರಿದರೆ ಮಿದುಳಿನ ಬೆಳವಣಿಗೆಗೆ ಏಟು. ಇಷ್ಟರವರೆಗೆ ಪರವಾಗಿಲ್ಲ ಎನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಜ್, ಉಮ್ರಾದಿಂದ ಬಂದವರು ಪ್ರೀತಿಯಿಂದ ಕೊಟ್ಟದ್ದಾದರೂ ಮಕ್ಕಳ ಕಣ್ಣಿಗೆ ಹಚ್ಚಬೇಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಮನೆಯಲ್ಲಿ ಸಾಬೂನು ಮಾಡಬಹುದೇ ಎಂದು ಇತ್ತೀಚೆಗೆ ಬಹಳ ಮಂದಿ ಕೇಳುತ್ತಾರೆ. ತೆಂಗಿನೆಣ್ಣೆಯೂ ಕಾಸ್ಟಿಕ್ ಸೋಡಾವೂ ಸೇರಿದರಷ್ಟೇ ಸಾಬೂನು. ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ. ಹಾಗೆ ಮಾಡಿದ ಸಾಬೂನು ನಾಲ್ಕರಿಂದ ಆರು ವಾರ ಹದಗೊಳ್ಳಬೇಕು. 2024ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿದ ಅಲೆಪ್ಪೊದ ಸಾಬೂನನ್ನಂತೂ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಪುಟ್ಟ ಮಕ್ಕಳು ಓಡಾಡುವ ಅಡುಗೆಮನೆಗೆ, ಅದೂ ಉಪವಾಸದ ಆಯಾಸದಲ್ಲಿ, ಇದು ಬೇಡ ಎಂಬುದು ನನ್ನ ಅಭಿಪ್ರಾಯ.

ಮನೆಯಲ್ಲೇ ಮಾಡಿ ಎಂದು ವೈದ್ಯರು ಹೇಳಿದಾಗ ಆ ಮನೆಯಲ್ಲಿ ಮಾಡುವವರು ಯಾರು ಎಂಬ ಪ್ರಶ್ನೆಯೂ ಇದೆ. ಇಫ್ತಾರ್, ಸಹರಿ, ಹಬ್ಬದ ಅಡುಗೆ, ಬಟ್ಟೆ, ಅತಿಥಿಗಳು. ಇದರ ಮೇಲೆ ಮದರಂಗಿ ಸೋಸುವುದೂ ಎಲೆ ಹಿಸುಕುವುದೂ ಅದೇ ಎರಡು ಕೈಗಳ ಮೇಲೆ ಬೀಳುವುದಾದರೆ ಅಂಗಡಿಯ ಕೋನ್ ತಂದವರನ್ನು ನಾನು ಬೈಯಲಾರೆ. ನಮ್ಮಲ್ಲಿ ಪುಡಿ ಸೋಸುವುದು ಮಕ್ಕಳ ತಂದೆಯ ಕೆಲಸ. ಕೋನ್ ಸುತ್ತಿ ತುಂಬುವುದು ಆ ಕಂದು ಗೆರೆಗಳ ಮಗನದು. ಈಗ ಅವನಿಗೆ ಹದಿನಾರು, ನನಗಿಂತ ಅಚ್ಚುಕಟ್ಟು. ಗಲ್ಫ್‌ನಿಂದ ರಜೆಯಲ್ಲಿ ಬಂದ ಮೈದುನ ಒಂದು ವರ್ಷ ದಾಸವಾಳದ ಎಲೆ ಹಿಸುಕುತ್ತ ಮಕ್ಕಳ ಜೊತೆ ಎರಡು ಗಂಟೆ ಕೂತ. ಅವನ ಕಿರಿಯ ಮಗಳು ಅಲ್ಲಿಯವರೆಗೆ ಅವನ ಹತ್ತಿರ ಹೋಗುತ್ತಿರಲಿಲ್ಲ, ಫೋನಿನಲ್ಲಿ ಮಾತ್ರ ಕಂಡಿದ್ದ ತಂದೆ. ಅವತ್ತು ಅವನ ತೊಡೆಯ ಮೇಲೆ ಕೂತು ಅವನ ಗಡ್ಡಕ್ಕೂ ಲೋಳೆ ಬಳಿದಳು.

ಗುಳ್ಳೆಯ ಕೈಯ ಹುಡುಗಿ ಬಕ್ರೀದ್‌ಗೆ ಮುಂಚೆ ತಾಯಿಯೊಂದಿಗೆ ಮತ್ತೆ ಬಂದಿದ್ದಳು. ಕೈ ಮಾಗಿತ್ತು, ಬಳ್ಳಿಯ ಜಾಗದಲ್ಲಿ ಚರ್ಮ ಇನ್ನೂ ತುಸು ಬಿಳಿಚಿಕೊಂಡಿತ್ತು. ಇನ್ನು ಮದರಂಗಿ ಹಚ್ಚಬಹುದಾ ಎಂದು ಈ ಸಲ ಕೇಳಿದ್ದು ಅವಳೇ. ಎಲೆಯ ಪುಡಿಯದ್ದಾದರೆ ಹಚ್ಚಬಹುದು, ಆದರೂ ಚರ್ಮರೋಗ ತಜ್ಞರನ್ನು ಕೇಳಿ, ಮೊದಲು ಮೊಣಕೈಯಲ್ಲಿ ಒಂದು ಚುಕ್ಕೆ ಇಟ್ಟು ನೋಡು ಎಂದೆ. ತಾಯಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಈದುಲ್ ಫಿತ್ರ್‌ಗೆ ಕಲಸಿದ ಮದರಂಗಿ ಉಳಿದರೆ ಎಸೆಯಬೇಡಿ. ಕೋನ್‌ನಲ್ಲಿ ತುಂಬಿ ಗಾಳಿಯಾಡದಂತೆ ಕಟ್ಟಿ ಫ್ರೀಝರ್‌ನಲ್ಲಿಟ್ಟರೆ ಸುಮಾರು 70 ದಿನ ಬಿಟ್ಟು ಬರುವ ಬಕ್ರೀದ್‌ಗೆ ಆಗುತ್ತದೆ. ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿಡಿ. ನಮ್ಮ ಮನೆಯಲ್ಲಿ ಒಮ್ಮೆ ಅದನ್ನು ಪುದೀನ ಚಟ್ನಿ ಎಂದುಕೊಂಡು ಕರಗಿಸಲು ಇಟ್ಟಿದ್ದರು.