ಮತಗಟ್ಟೆಯ ಮೇಜಿನ ಈಚೆ

ಚುನಾವಣೆ ಕೆಲಸಕ್ಕೆ ಪರ ಊರಿಗೆ ಹೋದ ಮೇಷ್ಟ್ರಿಗೆ ಹಿಂದಿನ ಸಂಜೆಯೇ ಒಂದು ಪರೀಕ್ಷೆ ನಡೆದುಹೋಗುತ್ತದೆ. ಶಾಲೆಯ ಕೋಣೆಯಲ್ಲಿ ಮೇಜು ಜೋಡಿಸಿ, ಗೋಡೆಗೆ ನೋಟಿಸು ಅಂಟಿಸುತ್ತಿರುವಾಗ ಊರಿನ ಒಬ್ಬಿಬ್ಬರು ಹಿರಿಯರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. "ಯಾವೂರಾಯ್ತು ಸಾರ್ ತಮ್ದು?" ಎಂದು ಶುರುವಾದ ಮಾತು "ಆ ಊರಲ್ಲಿ ಯಾವ ಪೈಕಿ?" ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಉತ್ತರ ಸಿಕ್ಕಿತೆಂದರೆ ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಸುದ್ದಿ: ಬೂತಿನ ಸಾಹೇಬ್ರು ನಮ್ಮೋರು, ಇಲ್ಲವೇ ಅವರ ಕಡೆಯೋರು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಲೇ ನಿವೃತ್ತನಾದವನು. ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಹಲವು ಚುನಾವಣೆಗಳಲ್ಲಿ ಕೂತಿದ್ದೇನೆ. ಆ ಪ್ರಶ್ನೆಗೆ ನನ್ನ ಉತ್ತರ ಒಂದೇ ಇರುತ್ತಿತ್ತು: "ನಾಳೆ ಪೆಟ್ಟಿಗೆ ಸೀಲ್ ಮಾಡಿದ ಮೇಲೆ ಹೇಳ್ತೀನಿ ಯಜಮಾನ್ರೇ." ನ್ಯಾಯ, ಪ್ರಾಮಾಣಿಕತೆ, ನಾಗರಿಕ ಕರ್ತವ್ಯ ಎಂದು ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದ ನನಗೆ ಅವು ಕಣ್ಣೆದುರು ನಡೆಯುವುದು ಕಂಡಿದ್ದು ಆ ಮೇಜಿನ ಈಚೆ ಕೂತಾಗ. ಇಷ್ಟೊಂದು ಜಾತಿ, ಧರ್ಮ, ಭಾಷೆ, ಬುಡಕಟ್ಟುಗಳ ದೇಶ ಒಟ್ಟಿಗಿರಬೇಕಾದರೆ ತನ್ನ ಪೈಕಿಯವರು ಎದುರಿಗೆ ಬಂದು ನಿಂತಾಗಲೂ ನಿಯಮ ಸಡಿಲಿಸದ ಸಣ್ಣ ನೌಕರರು ಬೇಕು. ಇದು ನನ್ನ ಗಟ್ಟಿ ನಂಬಿಕೆ.

ಮೇಜಿನ ಮೇಲೆ ಇರುವ ಮತದಾರರ ಪಟ್ಟಿಯನ್ನೇ ನೋಡಿ. ಅದರಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ ಇರುತ್ತದೆ. ಜಾತಿಗೆ, ಧರ್ಮಕ್ಕೆ ಕಾಲಂ ಇಲ್ಲ. ಮೊದಲು ಹೀಗಿರಲಿಲ್ಲ. 1909ರ ಮಿಂಟೋ-ಮಾರ್ಲೆ ಸುಧಾರಣೆಯಲ್ಲಿ ಬ್ರಿಟಿಷರು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟರು; 1935ರ ಕಾಯ್ದೆಯ ಹೊತ್ತಿಗೆ ಸಿಖ್ಖರು, ಕ್ರೈಸ್ತರು, ಆಂಗ್ಲೋ ಇಂಡಿಯನ್ನರು, ಯುರೋಪಿಯನ್ನರಿಗೂ ಬೇರೆ ಬೇರೆ ಪಟ್ಟಿಗಳಾಗಿದ್ದವು. ಅವರವರ ಪ್ರತಿನಿಧಿಗೆ ಅವರವರೇ ಓಟು ಹಾಕುವ ವ್ಯವಸ್ಥೆ ಅದು. ನಮ್ಮ ಸಂವಿಧಾನದ 325ನೇ ವಿಧಿ ಅದನ್ನು ಮುಗಿಸಿತು. ಒಂದು ಕ್ಷೇತ್ರಕ್ಕೆ ಒಂದೇ ಪಟ್ಟಿ. ಧರ್ಮ, ಜನಾಂಗ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ. ಮೀಸಲು ಕ್ಷೇತ್ರದಲ್ಲೂ ಮೀಸಲು ಇರುವುದು ಅಭ್ಯರ್ಥಿಗೆ ಮಾತ್ರ, ಓಟು ಎಲ್ಲರದೂ. ಓದಿದವರೂ ಎಷ್ಟೋ ಸಲ ಇದನ್ನು ತಪ್ಪಾಗಿ ತಿಳಿದಿರುತ್ತಾರೆ.

ಆ ಪಟ್ಟಿಯನ್ನು ಮೊದಲ ಸಲ ಮಾಡಿದ್ದು ಎಂಥ ಕಷ್ಟದಲ್ಲಿ! ದೇಶ ಒಡೆದು ಲಕ್ಷಾಂತರ ಜನ ಗಡಿ ದಾಟಿ ಬರುತ್ತಿದ್ದ ದಿನಗಳವು. ನಿರಾಶ್ರಿತರಿಗೆ ವಿಳಾಸವೇ ಇರಲಿಲ್ಲ. ಇಲ್ಲೇ ನೆಲೆಸುತ್ತೇವೆ ಎಂದು ಬರೆದುಕೊಟ್ಟರೆ ಸಾಕು, ಹೆಸರು ಸೇರಿಸಿ ಎಂದು ಸಂವಿಧಾನ ಸಭೆಯ ಕಚೇರಿ 1948ರಲ್ಲಿ ಸೂಚನೆ ಕೊಟ್ಟಿತು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರಿಗೆ ಇನ್ನೊಂದು ತೊಡಕು ಎದುರಾಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದಂಥ ಕಡೆ ಲಕ್ಷಾಂತರ ಹೆಂಗಸರು ಪರಪುರುಷನಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದರು. ಸೇನ್ ಒಪ್ಪಲಿಲ್ಲ. ಓಟು ಹಾಕುವವಳಿಗೆ ಅವಳದೇ ಹೆಸರಿರಬೇಕು ಎಂದರು. ಬಿಹಾರಕ್ಕೆ ಒಂದು ತಿಂಗಳು ಹೆಚ್ಚಿನ ಕಾಲಾವಕಾಶವನ್ನೂ ಕೊಟ್ಟರು. ಕೊನೆಗೂ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಅಷ್ಟೂ ಜನರಿಗೆ ಆ ಚುನಾವಣೆಯಲ್ಲಿ ನಷ್ಟವಾಯಿತು, ನಿಜ. ಆದರೂ ಸೇನ್ ಮಾಡಿದ್ದು ಸರಿ ಎಂದೇ ನಾನು ಹೇಳುವೆ. ಅವತ್ತು ಹೂಂ ಎಂದಿದ್ದರೆ ಇಂದಿಗೂ ನಮ್ಮ ಪಟ್ಟಿಗಳಲ್ಲಿ ಹೆಸರಿಲ್ಲದ ಹೆಂಗಸರು ಇರುತ್ತಿದ್ದರು.

ಈಗ ನಮ್ಮ ಪಿರಿಯಾಪಟ್ಟಣದ ಕಡೆಗೆ ಬರೋಣ. ಹೊಗೆಸೊಪ್ಪಿನ ಸೀಮೆ ಇದು. ಒಂದೇ ತಾಲ್ಲೂಕಿನಲ್ಲಿ ಒಕ್ಕಲಿಗರು, ಲಿಂಗಾಯತರು, ದಲಿತರು, ಕುರುಬರು, ಮುಸ್ಲಿಮರು, ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೈಲಕುಪ್ಪೆಯಲ್ಲಿ ಟಿಬೆಟನ್ನರು. ಈ ಭಾಗದ ಒಂದು ಬೂತಿನಲ್ಲಿ ಅಭ್ಯರ್ಥಿಯೊಬ್ಬರ ಏಜೆಂಟನೊಬ್ಬ ಮುದುಕಿಯೊಬ್ಬಳ ಕೈಹಿಡಿದು ಒಳಗೆ ಬಂದ. "ಅಜ್ಜಿಗೆ ಕಣ್ ಕಾಣಲ್ಲ ಸಾರ್, ನಾನೇ ಒತ್ತಿಬುಡ್ತೀನಿ" ಎಂದ. ನಾನು ಮಾದರಿ ಹಾಳೆ ಮುಂದೆ ಹಿಡಿದು, "ಅಜ್ಜಿ, ಇದ್ರಲ್ಲಿರೋ ಚಿತ್ರ ಕಾಣ್ತದಾ?" ಎಂದು ಕೇಳಿದೆ.

"ಕಾಣ್ತದೆ ಬುಡಪ್ಪ. ಅಕ್ಕಿಲಿ ಕಲ್ಲು ಆರ್ಸೋ ಕಣ್ಣಿಗೆ ಇಷ್ಟು ದಪ್ಪ ಗುರ್ತು ಕಾಣಕಿಲ್ವಾ?"

ಏಜೆಂಟ ನನ್ನ ಕಿವಿಯ ಹತ್ತಿರ ಬಗ್ಗಿ, "ನೀವೂ ನಮ್ಮೋರೇ ಅಂದ್ರು, ಅದಕ್ಕೇ ಕೇಳ್ದೆ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮದು ಒಂದೇ ಜಾತಿ. ಯಾರೋ ಕಂಡುಹಿಡಿದಿದ್ದರು. ನಾನು ನಿಯಮದ ಪುಸ್ತಕ ತೆಗೆದು ತೋರಿಸಿದೆ. ಕಣ್ಣು ಕಾಣದವರು, ಗುಂಡಿ ಒತ್ತಲಾಗದಷ್ಟು ಅಶಕ್ತರು ಮಾತ್ರ ಜೊತೆಗಾರರನ್ನು ಕರೆದುಕೊಂಡು ಹೋಗಬಹುದು. ಜೊತೆಗಾರನಿಗೆ 18 ತುಂಬಿರಬೇಕು. ಒಂದು ದಿನಕ್ಕೆ ಒಬ್ಬರಿಗಷ್ಟೇ ನೆರವಾಗಬಹುದು. ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಬರೆದು ಸಹಿ ಹಾಕಬೇಕು. ಓದು ಬರಹ ಬಾರದಿರುವುದು ಕಾರಣವೇ ಅಲ್ಲ. ಗುರುತಿನ ಚಿತ್ರಗಳನ್ನು ಮೊದಲ ಚುನಾವಣೆಯಿಂದಲೇ ಇಟ್ಟಿರುವುದು ಅದಕ್ಕೇ. ಅಜ್ಜಿ ಒಬ್ಬಳೇ ಮರೆಯ ಹಿಂದೆ ಹೋದಳು, ಮಷೀನು ಪೀಂ ಎಂದಿತು, ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಯಾರಿಗೆ ಹಾಕಿದಳೋ ಅವಳಿಗೊಬ್ಬಳಿಗೇ ಗೊತ್ತು.

ಇನ್ನೊಂದು ಗಳಿಗೆ ಇದಕ್ಕಿಂತ ಬಿಗಿ. ಸಾಲಿನಲ್ಲಿ ನಿಂತವರನ್ನು ತೋರಿಸಿ "ಇವರು ನಮ್ಮ ಊರಿನೋರೇ ಅಲ್ಲ, ಎಲ್ಲಿಂದಲೋ ಬಂದೋರು" ಎಂದು ಏಜೆಂಟರು ಕೂಗೆಬ್ಬಿಸುವುದುಂಟು. ಕಾನೂನು ಇಲ್ಲಿ ಬಹಳ ಸ್ಪಷ್ಟ. ಆಕ್ಷೇಪಣೆ ಎತ್ತುವವರು 2 ರೂಪಾಯಿ ಠೇವಣಿ ಕಟ್ಟಬೇಕು. ಪಟ್ಟಿಯಲ್ಲಿರುವ ವ್ಯಕ್ತಿ ಇವರೇ ಹೌದೋ ಅಲ್ಲವೋ ಎಂಬುದಷ್ಟೇ ವಿಚಾರಣೆ. ಅವರ ವಯಸ್ಸು, ಪೌರತ್ವ, ಯಾವ ನೆಲದವರು ಎಂಬುದನ್ನು ಕೆದಕಲು ಅಧ್ಯಕ್ಷಾಧಿಕಾರಿಗೆ ಅಧಿಕಾರವಿಲ್ಲ. ಆಕ್ಷೇಪಣೆ ಹುರುಳಿಲ್ಲದ್ದು ಎಂದು ಕಂಡರೆ ಠೇವಣಿ ಸರ್ಕಾರಕ್ಕೆ ಜಮಾ. ಎರಡೇ ರೂಪಾಯಿ ಎಂದು ನಗಬೇಡಿ. ದುಡ್ಡು ಕಟ್ಟಿ, ಹೆಸರು ಬರೆಸಿ, ಸಹಿ ಹಾಕಿ ಎಂದೊಡನೆ ಬಾಯಿಮಾತಿನ ಆರೋಪ ಅರ್ಧಕ್ಕರ್ಧ ಇಳಿದುಹೋಗುವುದನ್ನು ನಾನೇ ನೋಡಿದ್ದೇನೆ.

ಬೈಲಕುಪ್ಪೆಯವರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1960ರ ಸುಮಾರಿಗೆ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಜಾಗ ಕೊಟ್ಟಿತು. ಕಾಡು ಕಡಿದು ಜೋಳ ಬೆಳೆದರು. ಮಕ್ಕಳು ಇಲ್ಲೇ ಹುಟ್ಟಿದರು. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು, ತಂದೆತಾಯಿ ಯಾರೇ ಇರಲಿ. ಕಾಯ್ದೆಯಲ್ಲಿ ಹೀಗಿದ್ದರೂ ಕಚೇರಿಗಳಲ್ಲಿ ಇವರು ನಿರಾಶ್ರಿತರಾಗಿಯೇ ಉಳಿದಿದ್ದರು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಟಿಬೆಟನ್ ಧರ್ಮಗುರುವಿನ ಅರ್ಜಿಯ ಮೇಲೆ ಈ ಮಾತನ್ನು ಎತ್ತಿಹಿಡಿಯಿತು. 2014ರ ಲೋಕಸಭಾ ಚುನಾವಣೆಗೆ ಮೊದಲು ಚುನಾವಣಾ ಆಯೋಗ ಇಂಥವರನ್ನು ಪಟ್ಟಿಗೆ ಸೇರಿಸಿ ಎಂದು ಎಲ್ಲ ರಾಜ್ಯಗಳಿಗೂ ತಿಳಿಸಿತು. ಕೆಲವರು ಸೇರಿಕೊಂಡರು. ಹೆಸರು ಬರೆಸಿದರೆ ಊರಿಗೆ ಮರಳುವ ಆಸೆಯನ್ನೇ ಬಿಟ್ಟಂತಾಗುತ್ತದೆ ಎಂದು ಹಿಂದೆ ನಿಂತವರೂ ಉಂಟು. ಆ ಸಂಕಟ ಅವರದು, ಅದನ್ನು ತೂಗಲು ನಾನು ಯಾರು? ಆದರೆ ಬಂದು ಸಾಲಿನಲ್ಲಿ ನಿಂತವರಿಗೆ ಬೆರಳಿಗೆ ಶಾಯಿ ಹಚ್ಚಿ ಚೀಟಿ ಕೊಡಬೇಕಾದ್ದು ನಮ್ಮ ಕೆಲಸ. ಆ ಶಾಯಿ ತಯಾರಾಗುವುದೂ ನಮ್ಮ ಮೈಸೂರಿನಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಶುರುವಾದ ಬಣ್ಣದ ಕಾರ್ಖಾನೆಯಲ್ಲಿ. 1962ರಿಂದ ಇಡೀ ದೇಶದ ಎಡಗೈ ತೋರುಬೆರಳಿಗೆ ಅಲ್ಲಿಂದಲೇ ಹೋಗುತ್ತಿದೆ.

ಮೇಜಿನ ಈಚೆಯವರು ನೆಟ್ಟಗಿದ್ದರೆ ಸಾಲದು, ಸರ್ಕಾರವೂ ನೆಟ್ಟಗಿರಬೇಕು. 2024ರ ಏಪ್ರಿಲ್ 26ರಂದು ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ರಸ್ತೆಯಿಲ್ಲ, ನೀರಿಲ್ಲ ಎಂದು ಜನ ಮತದಾನ ಬಹಿಷ್ಕರಿಸಿದ್ದರು. ಆಮೇಲೆ ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು, 29ಕ್ಕೆ ಮರುಮತದಾನವಾಯಿತು. ಮತಯಂತ್ರ ಒಡೆದದ್ದು ಅಪರಾಧವೇ, ಅದರಲ್ಲಿ ಎರಡು ಮಾತಿಲ್ಲ. ಅವರ ಓಟಿನ ಪೆಟ್ಟಿಗೆಯನ್ನು ಬೆಟ್ಟ ಹತ್ತಿಸಬಲ್ಲ ಆಡಳಿತಕ್ಕೆ ಗರ್ಭಿಣಿಯನ್ನು ಬೆಟ್ಟ ಇಳಿಸುವ ದಾರಿ ಮಾಡಿಕೊಡಲು ಆಗದಿರುವುದೂ ಅನ್ಯಾಯವೇ.

ನನಗೆ ಹೆಚ್ಚು ನೋವು ಕೊಡುವ ಅನ್ಯಾಯ ಸದ್ದಿಲ್ಲದೆ ನಡೆಯುವಂಥದ್ದು. ಹಾಡಿಯ ಜನ ಕೂಲಿಗೆಂದು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಪಟ್ಟಿ ಪರಿಷ್ಕರಣೆಗೆ ಬಂದವರು ಬೀಗ ನೋಡಿ, ಊರು ಬಿಟ್ಟಿದ್ದಾರೆ ಎಂದು ಬರೆದುಕೊಂಡು ಹೋದರೆ ಮುಗಿಯಿತು. ಮತದಾನದ ದಿನ ಬಂದು, ಪಟ್ಟಿಯಲ್ಲಿ ಹೆಸರಿಲ್ಲ ಎನಿಸಿಕೊಂಡು, ಯಾರನ್ನೂ ಬೈಯದೆ ಹಿಂತಿರುಗಿದವರನ್ನು ನೋಡಿದ್ದೇನೆ. ಆ ಹೊತ್ತಿಗೆ ಅಧ್ಯಕ್ಷಾಧಿಕಾರಿ ಏನೂ ಮಾಡಲಾರ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಸಲ ಕರಡು ಪಟ್ಟಿ ಹೊರಬಿದ್ದಾಗ ನಿಮ್ಮ ಹೆಸರು ನೋಡಿ ಸುಮ್ಮನಾಗಬೇಡಿ. ನಿಮ್ಮ ಬೀದಿಯ, ನಿಮ್ಮ ತೋಟದ ಆಳುಗಳ, ಊರಾಚೆಯ ಹಾಡಿಯ, ತಾಂಡಾದ ಹೆಸರುಗಳನ್ನೂ ಒಮ್ಮೆ ಓದಿ. ಬದುಕಿರುವವರ ಹೆಸರು ಬಿಟ್ಟುಹೋಗಿದ್ದರೆ ಅವರ ಜೊತೆ ಕೂತು 6ನೇ ನಮೂನೆ ತುಂಬಿಸಿ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೈಗೆ ಮುಟ್ಟಿಸಿ. ಅವರು ಯಾವ ಪಕ್ಷಕ್ಕೆ ಹಾಕುತ್ತಾರೆ ಎಂದು ಮಾತ್ರ ಕೇಳಬೇಡಿ.