ಬಸ್ಸು 16, ಟ್ರಿಪ್ ಶೀಟು 40!

ಗಣೇಶನ ಹಬ್ಬ, ನವೆಂಬರ್‌ನ ರಾಜ್ಯೋತ್ಸವ ಬಂತೆಂದರೆ ಮೆಜೆಸ್ಟಿಕ್ ಸುತ್ತಮುತ್ತ ಆರ್ಕೆಸ್ಟ್ರಾದವರಿಗೆ ಸುಗ್ಗಿ. ಹತ್ತು ಜನ ನುಡಿಸುತ್ತಿದ್ದ ಕಡೆ ಈಗ ಒಬ್ಬ ಕೀಬೋರ್ಡಿನವನು, ಪಕ್ಕದಲ್ಲೊಂದು ಲ್ಯಾಪ್‌ಟಾಪು. ಸ್ವರ ಬರೆಯುವ ಸಾಫ್ಟ್‌ವೇರಿನಲ್ಲಿ ರಾತ್ರಿಯೆಲ್ಲಾ ಕೂತು ಹಾಡು ಜೋಡಿಸಿರುತ್ತಾನೆ. ವೇದಿಕೆ ಹತ್ತಿ ಗುಂಡಿ ಒತ್ತಿದರೆ ಕೊಳಲು ಬರಬೇಕಾದಲ್ಲಿ ವೀಣೆ! ತಬಲ ಬೀಳಬೇಕಾದಲ್ಲಿ ಪಿಯಾನೋ ಟಣ್ ಟಣ್! ಹುಡುಗರ ಸಿಳ್ಳೆ ಸರಿ, ದುಡ್ಡು ಎಣಿಸುವಾಗ ಸಂಘದವರ ಚೌಕಾಶಿ ಬೇರೆ.

ಎಡವಟ್ಟು ಎಲ್ಲಿ ಅಂತೀರಾ? ಟ್ರ್ಯಾಕು, ಚಾನಲ್ಲು ಎರಡೂ ಒಂದೇ ಅಂದುಕೊಂಡದ್ದರಲ್ಲಿ.

ಕೀಬೋರ್ಡು, ಕಂಪ್ಯೂಟರುಗಳು ಮಾತಾಡಿಕೊಳ್ಳುವ ಭಾಷೆಗೆ ಮಿಡಿ ಅಂತ ಹೆಸರು. ಬಂದದ್ದು 1983ರಲ್ಲಿ. ಜಪಾನಿನ ಕಾಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಅದಕ್ಕಾಗಿ ದುಡಿದವರು. ಅದರ ತಂತಿಯಲ್ಲಿ ಓಡುವುದು ನಾದವಲ್ಲ, ಬರೀ ಅಪ್ಪಣೆ: ಈ ಸ್ವರ ಒತ್ತು, ಇಷ್ಟು ಜೋರಾಗಿ ಒತ್ತು, ಇನ್ನು ಬಿಡು.

ಬಸ್ ಸ್ಟ್ಯಾಂಡಿನ ಲೆಕ್ಕದಲ್ಲೇ ಹೇಳುವುದಾದರೆ, ಚಾನಲ್ ಅಂದರೆ ಬಸ್ಸು. ಟ್ರ್ಯಾಕ್ ಅಂದರೆ ಕಂಡಕ್ಟರನ ಟ್ರಿಪ್ ಶೀಟು. ಶೀಟು ನಲವತ್ತು ಬರೆದುಕೊಳ್ಳಿ, ಕೇಳುವವರಿಲ್ಲ. ಬಸ್ಸು ಮಾತ್ರ 16. ಒಂದು ಬಸ್ಸಿನಲ್ಲಿ ಒಂದು ಹೊತ್ತಿಗೆ ಒಂದೇ ವಾದ್ಯ. ಕೊಳಲಿನ ಶೀಟಿಗೂ ವೀಣೆಯ ಶೀಟಿಗೂ 3ನೇ ನಂಬರೇ ಬಿದ್ದಿದ್ದರೆ, ಕೊನೆಗೆ ಅಪ್ಪಣೆ ಕೊಟ್ಟವನದೇ ದರ್ಬಾರು. ಸಾಲದ್ದಕ್ಕೆ 1991ರ ಜನರಲ್ ಮಿಡಿ ನಿಯಮದಂತೆ 10ನೇ ಬಸ್ಸು ತಾಳವಾದ್ಯಗಳಿಗೆ ಮೀಸಲು. ತಬಲವನ್ನು ಬೇರೆಡೆ ಹತ್ತಿಸಿದರೆ ಅದು ಪಿಯಾನೋ ಆದೀತು. ಪಿಟೀಲನ್ನು 10ಕ್ಕೆ ಹತ್ತಿಸಿದರೆ ಡಬಡಬ ಅಂದೀತು!

ಇದು ಹೇಗೋ ಸುಧಾರಿಸಬಹುದು. ನಿಜವಾದ ಪೇಚು ಗಮಕದ್ದು. ಗಮಕವಿಲ್ಲದೆ ನಮ್ಮ ಸಂಗೀತ ಉಪ್ಪಿಲ್ಲದ ಸಾರು. ಆದರೆ ಸ್ವರ ಬಗ್ಗಿಸುವ ಅಪ್ಪಣೆಯನ್ನು ಮಿಡಿ ಒಂದು ಸ್ವರಕ್ಕೆ ಕೊಡುವುದಿಲ್ಲ, ಇಡೀ ಚಾನಲ್ಲಿಗೆ ಕೊಡುತ್ತದೆ. ಡ್ರೈವರು ಸ್ಟೇರಿಂಗ್ ತಿರುಗಿಸಿದರೆ ಬಸ್ಸಿನಲ್ಲಿದ್ದವರೆಲ್ಲಾ ವಾಲಲೇಬೇಕಲ್ಲ, ಹಾಗೆ. ವೀಣೆಯನ್ನೇ ನೋಡಿ. ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ಮೇಲಿನ ತಂತಿ ಎಳೆದು ಗಮಕ ತೆಗೆದಾಗ ತಾಳದ ತಂತಿ ಅಲುಗಬಾರದು. ಎರಡನ್ನೂ ಒಂದೇ ಚಾನಲ್ಲಿಗೆ ತುಂಬಿದರೆ ಶ್ರುತಿಯೇ ತೇಲಾಡುತ್ತದೆ. ಅಂದರೆ ಒಂದು ವೀಣೆಗೇ ಎರಡು ಬಸ್ಸು ಬೇಕು!

ಹೀಗೆ 16 ಮುಗಿಯಲು ಎಷ್ಟು ಹೊತ್ತು? ಆಗ ಕೆಲವು ಸಾಫ್ಟ್‌ವೇರುಗಳು ಇನ್ನೊಂದು ಪೋರ್ಟು ತೆರೆಯುತ್ತವೆ, ಎರಡನೇ ಡಿಪೋ ಇದ್ದಂತೆ, ಮತ್ತೆ 16. 2020ರಲ್ಲಿ ಬಂದ ಮಿಡಿ 2.0ರಲ್ಲಿ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಬಗ್ಗಿಸಬಹುದು. ಆದರೆ ಸೆಕೆಂಡ್‌ಹ್ಯಾಂಡ್ ಕೀಬೋರ್ಡಿಗೆ ಅದೆಲ್ಲಿ ಗೊತ್ತಾಗಬೇಕು?

ಪೆನ್‌ಡ್ರೈವಿನಲ್ಲಿ ಹಾಡು ಎರವಲು ತರುವವರಿಗೆ ಮತ್ತೊಂದು ಕಾಟ. ಫಾರ್ಮ್ಯಾಟ್ 0 ಅನ್ನುವ ಬಗೆಯ ಫೈಲಾದರೆ ಶೀಟೆಲ್ಲಾ ಸೇರಿ ಒಂದೇ ಆಗಿರುತ್ತದೆ. ವಾದ್ಯ ಗುರುತಿಸಲು ಉಳಿಯುವುದು ಚಾನಲ್ ನಂಬರೊಂದೇ. ಕೊಳಲು, ವೀಣೆ ಒಂದೇ ನಂಬರಿನಲ್ಲಿ ಬೆರೆತಿದ್ದರೆ ಬೇರ್ಪಡಿಸುವ ಕೆಲಸ ಕಿವಿಗೇ ಬಿತ್ತು. ಅದನ್ನು ಮನೆಯಲ್ಲೇ ಮಾಡಿ ಮುಗಿಸಬೇಕು, ಪೆಂಡಾಲಿನ ದೀಪ ಹತ್ತಿದ ಮೇಲಲ್ಲ.